ಔಷಧ ಪ್ರಯೋಗಕ್ಕೆ ಮೈಯೊಡ್ಡುವ ಮುನ್ನ

ದುಡಿಯಲು ಪುಣೆಗೆ ಹೋದ ಕಲಬುರಗಿ, ವಿಜಯಪುರ ಕಡೆಯವರು ಇದನ್ನು ತಿಳಿದಿರಬೇಕು. ಔಷಧ ಪ್ರಯೋಗಕ್ಕೆ ಒಪ್ಪಿಗೆ ಕೇಳುವ ಪತ್ರ ಮರಾಠಿ ಅಥವಾ ಇಂಗ್ಲಿಷಿನಲ್ಲಿ ಮಾತ್ರ ಇದ್ದು, ನಿಮಗೆ ಅರ್ಥವಾಗದಿದ್ದರೆ ಸಹಿ ಹಾಕಬೇಡಿ. ಮಾಹಿತಿ ನಿಮಗೆ ತಿಳಿಯುವ ಭಾಷೆಯಲ್ಲೇ ಇರಬೇಕೆಂದು 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು ಹೇಳುತ್ತವೆ. ಕನ್ನಡದ ಪತ್ರವನ್ನೇ ಕೇಳಿ. ಓದಲು ಬಾರದವರಿಗೆ ಪ್ರಯೋಗದ ಜೊತೆ ಸಂಬಂಧವಿಲ್ಲದ ಸಾಕ್ಷಿ ಇರಲೇಬೇಕು. ಸಹಿಯಾದ ಮೇಲೆ ಒಂದು ಪ್ರತಿ ನಿಮ್ಮ ಕೈಗೆ ಬರಬೇಕು.

ಪುಣೆಗೆ ಇಂಥ ಪ್ರಯೋಗ ಹೊಸದಲ್ಲ. 2020ರ ಆಗಸ್ಟ್‌ನಲ್ಲಿ ಕೋವಿಶೀಲ್ಡ್ ಲಸಿಕೆಯನ್ನು ಭಾರತಿ ವಿದ್ಯಾಪೀಠದ ಆಸ್ಪತ್ರೆಯಲ್ಲಿ ಸ್ವಯಂಸೇವಕರಿಗೆ ಕೊಡಲಾಗಿತ್ತು. ಬಾಯಿಂದ ನುಂಗುವ ಆಂಟಿಬಯೋಟಿಕ್ ಜೋಡಿಗಳ ಮೊದಲ ಹಂತದ ಪ್ರಯೋಗವೂ ಆರೋಗ್ಯವಂತರ ಮೇಲೆಯೇ ನಡೆಯುತ್ತದೆ. ಪೆನಿಸಿಲಿನ್ ಗುಂಪಿನ ಅಮಾಕ್ಸಿಸಿಲಿನ್ ಜೊತೆ ಕ್ಲಾವುಲಾನಿಕ್ ಆಮ್ಲ ಸೇರಿದ ಮಾತ್ರೆ ನಿಮಗೆ ಗೊತ್ತಿರಬಹುದು. ಅದರಲ್ಲಿ ಔಷಧವನ್ನು ಒಡೆಯುವ ಬ್ಯಾಕ್ಟೀರಿಯಾ ಕಿಣ್ವವನ್ನು ಎರಡನೆಯದು ತಡೆಯುತ್ತದೆ. ಹೊಸ ಜೋಡಿಯನ್ನು ಸಣ್ಣ ಪ್ರಮಾಣದಿಂದ ಆರಂಭಿಸಿ ಏರಿಸುತ್ತಾ, ಪದೇ ಪದೇ ರಕ್ತ ತೆಗೆದು ನೋಡುತ್ತಾರೆ. ಪೆನಿಸಿಲಿನ್ ಅಲರ್ಜಿ ಇದ್ದರೆ ಮುಚ್ಚಿಡಬೇಡಿ, ಪ್ರಾಣಕ್ಕೇ ಕುತ್ತು. ದುಡ್ಡಿಗಾಗಿ ಒಂದು ಪ್ರಯೋಗ ಮುಗಿಯುತ್ತಲೇ ಇನ್ನೊಂದಕ್ಕೆ ಸೇರುವುದೂ ಅಷ್ಟೇ ಅಪಾಯ.

ಆರೋಗ್ಯವಂತರಿಗೆ ಇಂಥ ಪ್ರಯೋಗದಿಂದ ಚಿಕಿತ್ಸೆಯ ಲಾಭವಿಲ್ಲ. ಅಪಾಯ ಮಾತ್ರ ಇದ್ದೇ ಇದೆ: 2016ರಲ್ಲಿ ಫ್ರಾನ್ಸಿನ ರೆನ್ ನಗರದಲ್ಲಿ ನೋವಿನ ಔಷಧವೊಂದರ ಮೊದಲ ಹಂತದ ಪ್ರಯೋಗದಲ್ಲಿ ಸ್ವಯಂಸೇವಕರೊಬ್ಬರು ತೀರಿಕೊಂಡರು.

ಹಾನಿಯಾದರೆ ಚಿಕಿತ್ಸೆ ಉಚಿತ. ಪ್ರಯೋಗದಿಂದಲೇ ಆದ ಹಾನಿಗೆ ಪ್ರಾಯೋಜಕ ಕಂಪನಿ ಪರಿಹಾರ ಕೊಡಬೇಕು, ತಪ್ಪು ಯಾರದೆಂದು ನೀವು ಸಾಬೀತುಪಡಿಸಬೇಕಿಲ್ಲ. ಗಂಭೀರ ಹಾನಿಯನ್ನು ವೈದ್ಯರು 24 ಗಂಟೆಯೊಳಗೆ ಕೇಂದ್ರ ಔಷಧ ನಿಯಂತ್ರಕರಿಗೆ, ಪ್ರಯೋಗವನ್ನು ಪರಿಶೀಲಿಸುವ ನೈತಿಕ ಸಮಿತಿಗೆ ಮತ್ತು ಕಂಪನಿಗೆ ತಿಳಿಸಬೇಕು. ಸಾವಿನ ಪರಿಹಾರದ ಸೂತ್ರದಲ್ಲಿ ಮೂಲ ಮೊತ್ತ 8 ಲಕ್ಷ ರೂಪಾಯಿ. ಆರೋಗ್ಯವಂತರಿಗೆ ಅದರ ನಾಲ್ಕು ಪಟ್ಟು ಲೆಕ್ಕ. 65 ವರ್ಷದವರಿಗೆ 32 ಲಕ್ಷ, ವಯಸ್ಸು ಕಡಿಮೆಯಿದ್ದಷ್ಟೂ ಹೆಚ್ಚು. ಔಷಧ ನಿಯಂತ್ರಕರ ಆದೇಶ ಬಂದ 30 ದಿನದೊಳಗೆ ಹಣ ಸಂದಾಯವಾಗಬೇಕು.

ಯಾವಾಗ ಬೇಕಾದರೂ ನೀವು ಹೊರಬರಬಹುದು, ಕಾರಣ ಕೊಡಬೇಕಿಲ್ಲ. "ಮಧ್ಯದಲ್ಲಿ ಬಿಟ್ಟರೆ ದಂಡ" ಎಂದು ಯಾರಾದರೂ ಹೆದರಿಸಿದರೆ ಅದು ಸುಳ್ಳು. ಸೇರುವ ಮೊದಲೇ ಆ ಪ್ರಯೋಗದ ಸಿಟಿಆರ್‌ಐ (ಭಾರತದ ಕ್ಲಿನಿಕಲ್ ಟ್ರಯಲ್‌ಗಳ ದಾಖಲಾತಿ) ನೋಂದಣಿ ಸಂಖ್ಯೆ ಕೇಳಿ, ಅದರ ಜಾಲತಾಣದಲ್ಲಿ ನೋಡಿಸಿ. ಒಪ್ಪಿಗೆ ಪತ್ರದಲ್ಲಿ ನೈತಿಕ ಸಮಿತಿಯ ಫೋನ್ ಸಂಖ್ಯೆ ಇದೆಯೇ ಎಂದೂ ಗಮನಿಸಿ. ದೂರಿಗೆ ಅಲ್ಲಿ ಕಿವಿಗೊಡದಿದ್ದರೆ ದೆಹಲಿಯ ಔಷಧ ನಿಯಂತ್ರಕರಿಗೆ ಬರೆಯಿರಿ. ವಕೀಲರ ಖರ್ಚು ಭರಿಸಲಾಗದವರು ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ 15100ಕ್ಕೆ ಕರೆ ಮಾಡಬಹುದು.