ಪಂಕ್ತಿಯಿಂದ ಎದ್ದವರು

ಪುಟ್ಟೀ, ವಿಶಾಖಪಟ್ಟಣದ ಹಾಸ್ಟೆಲಿನಲ್ಲಿ ಜೊತೆಯವರು ನಿನ್ನನ್ನು ದೂರ ಇಟ್ಟಿದ್ದಾರೆ ಎಂದು ನಿನ್ನಮ್ಮ ಹೇಳಿದಳು. ‘ಒಂಟಿಯಾಗಿರುವುದೇ ವಾಸಿ ಅಜ್ಜ’ ಎಂದು ನೀನೂ ಬರೆದೆ. ಆ ಮಾತಿನಲ್ಲಿ ಅರ್ಧ ನೋವು, ಅರ್ಧ ಜಂಬ. ನೋವಿಗೆ ನನ್ನ ಹತ್ತಿರ ಮದ್ದಿಲ್ಲ. ಜಂಬದ ಬಗ್ಗೆ ಒಂದೆರಡು ಮಾತು ಹೇಳಬಲ್ಲೆ.

ರಜೆ ಸಿಕ್ಕಾಗ ರೈಲು ಹತ್ತಿ ವಿಜಯವಾಡಕ್ಕೆ ಹೋಗಿ ಬಾ. ಬೆಂಜ್ ಸರ್ಕಲ್ ಹತ್ತಿರ ನಾಸ್ತಿಕ ಕೇಂದ್ರವಿದೆ. ಅದನ್ನು ಕಟ್ಟಿದ ಗೋರಾ, ಅಂದರೆ ಗೋಪರಾಜು ರಾಮಚಂದ್ರ ರಾವ್, ಸಸ್ಯಶಾಸ್ತ್ರದ ಮೇಷ್ಟ್ರು. ಜನಿವಾರ ಹಾಕುವುದಿಲ್ಲ ಎಂದದ್ದಕ್ಕೆ 1928ರಲ್ಲಿ ಮನೆಯಿಂದಲೂ ಜಾತಿಯಿಂದಲೂ ಹೊರಬಿದ್ದರು. ದೇವರಿಲ್ಲ ಎಂದದ್ದಕ್ಕೆ ಕಾಲೇಜಿನ ಕೆಲಸವೂ ಹೋಯಿತು. ಜೊತೆಗೆ ಹೆಂಡತಿ ಸರಸ್ವತಿಯೂ ಹೊರಬಿದ್ದರು. ಬಸುರಿಯಾಗಿದ್ದಾಗ ಬೇಕೆಂದೇ ಗ್ರಹಣ ನೋಡಿದ ಗಟ್ಟಿಗಿತ್ತಿ ಆಕೆ. ಹೊರಗೆ ನಿಂತ ಗಂಡಸಿನ ಧೈರ್ಯವನ್ನು ಲೋಕ ಹೊಗಳುತ್ತದೆ. ಆ ಧೈರ್ಯದ ಖರ್ಚು ತೂಗಿಸಿದವಳ ಹೆಸರು ಬಾಯಿಗೆ ಬರುವುದು ಕಡಿಮೆ.

ಇಷ್ಟಕ್ಕೇ ನಿಂತಿದ್ದರೆ ಗೋರಾ ಒಬ್ಬ ಹಟಮಾರಿ ಮೇಷ್ಟ್ರು, ಅಷ್ಟೆ. 1940ರಲ್ಲಿ ಮುದುನೂರಿನಲ್ಲಿ ಕೇಂದ್ರ ಶುರುಮಾಡಿ, 1947ರಲ್ಲಿ ವಿಜಯವಾಡಕ್ಕೆ ತಂದರು. ತಮ್ಮನ್ನು ಪಂಕ್ತಿಯಿಂದ ಎಬ್ಬಿಸಿದವರ ಮೇಲೆ ಮುನಿಸಿಕೊಂಡು ಕೂರದೆ, ಯಾವ ಪಂಕ್ತಿಯಲ್ಲೂ ಜಾಗವಿಲ್ಲದವರ ಜೊತೆ ಎಲೆ ಹಾಕಿಸಿಕೊಂಡರು. ಮಗಳು ಮನೋರಮಾಳನ್ನು ದಲಿತ ಹುಡುಗನಿಗೆ ಕೊಟ್ಟರು. 1948ರಲ್ಲಿ ಸೇವಾಗ್ರಾಮದಲ್ಲಿ ಆ ಮದುವೆ ನಡೆಯುವ ಹೊತ್ತಿಗೆ, ಮಾಡಿಸಿಕೊಡುತ್ತೇನೆಂದಿದ್ದ ಗಾಂಧಿ ಇರಲಿಲ್ಲ.

ಮಗ ಲವಣಂ ಕೈಹಿಡಿದದ್ದು ಹೇಮಲತಾರನ್ನು. ಆಕೆ ಕವಿ ಗುರ್ರಂ ಜಾಷುವಾ ಅವರ ಮಗಳು. ಗುಡಿಯೊಳಗೆ ಬಿಡದ ಮನುಷ್ಯನ ಅಹವಾಲನ್ನು ಬಾವಲಿಯ ಮೂಲಕ ಶಿವನಿಗೆ ಮುಟ್ಟಿಸುವ ‘ಗಬ್ಬಿಲಂ’ ಬರೆದ ಜಾಷುವಾ. ಅವರು ತಾವಾಗಿ ದೂರ ನಿಂತವರಲ್ಲ. ಹುಟ್ಟಿದ ಕ್ಷಣದಿಂದ ಊರೇ ದೂರ ನಿಲ್ಲಿಸಿತ್ತು. ಲವಣಂ, ಹೇಮಲತಾ ಇಬ್ಬರೂ ಮುಂದೆ ಬಾಪಟ್ಲ ಹತ್ತಿರದ ಸ್ಟೂವರ್ಟ್‌ಪುರಂನಲ್ಲಿ ವರ್ಷಗಟ್ಟಲೆ ದುಡಿದರು. ಬ್ರಿಟಿಷರ ಕಾನೂನು ಹುಟ್ಟುಗಳ್ಳರೆಂದು ಹಣೆಪಟ್ಟಿ ಹಚ್ಚಿದ ಕುಟುಂಬಗಳ ಊರು ಅದು. ಕಾನೂನು ರದ್ದಾದ ಮೇಲೂ ಆ ಊರಿನ ಹೆಸರು ಕೇಳಿದರೆ ಜನ ಜೇಬು ಮುಟ್ಟಿ ನೋಡಿಕೊಳ್ಳುತ್ತಿದ್ದರು.

ನೋಡು, ನಿನಗೆ ಬೇಸರವಾದರೆ ಬೇರೆ ಗುಂಪು ಸೇರಬಹುದು, ರೂಮು ಬದಲಿಸಬಹುದು, ಊರಿಗೇ ಬಂದುಬಿಡಬಹುದು. ಹಾಗೆ ಬರಲು ದಾರಿಯೇ ಇಲ್ಲದವರ ಎದುರು ‘ನಾನು ಒಂಟಿ, ನಾನು ಬೇರೆ’ ಎಂದು ಮೆರೆಯುವುದು ನನಗೆ ಸಣ್ಣತನ ಅನ್ನಿಸುತ್ತದೆ. ತಪ್ಪು ಕಂಡಲ್ಲಿ ಗುಂಪು ಬಿಟ್ಟು ಬಾ, ಬೇಡ ಅನ್ನುವುದಿಲ್ಲ. ಆದರೆ ಬಿಟ್ಟು ಬಂದು ಯಾರ ಪಕ್ಕ ಕೂತೆ ಎಂದು ನಾನು ಕೇಳಿಯೇ ಕೇಳುತ್ತೇನೆ.

ನಿನಗಿಂತ ಮೊದಲಿನಿಂದ ಆ ಮೆಸ್ಸಿನಲ್ಲಿ ಒಬ್ಬಳೇ ಉಣ್ಣುವ ಹುಡುಗಿ ಇದ್ದೇ ಇರುತ್ತಾಳೆ. ನಾಳೆ ತಟ್ಟೆ ಹಿಡಿದು ಅವಳ ಹತ್ತಿರ ಹೋಗು. ಹೆಸರು ಕೇಳು, ಊರು ಕೇಳು; ಜಾತಿ ಮಾತ್ರ ಕೇಳಬೇಡ.