*ಇಂದಿನ ಧಮ್ಮ ಚಿಂತನೆ: ಕೆಟ್ಟ ನೆಲ, ಅದನ್ನು ಸರಿಪಡಿಸುವ ಕಾನೂನು*

 

ಸಿದ್ಧಾರ್ಥ ಮನೆ ಬಿಟ್ಟದ್ದು ಏಕೆ? ‘ಬುದ್ಧ ಮತ್ತು ಅವನ ಧಮ್ಮ’ದಲ್ಲಿ ಬಾಬಾಸಾಹೇಬರು ಮುದುಕ, ರೋಗಿ, ಹೆಣದ ಕಥೆಯನ್ನು ಒಪ್ಪುವುದಿಲ್ಲ. ರೋಹಿಣಿ ನದಿಯ ನೀರಿನ ಜಗಳವೇ ಕಾರಣ ಎನ್ನುತ್ತಾರೆ. ಶಾಕ್ಯರು ಕೋಲಿಯರ ಮೇಲೆ ಯುದ್ಧಕ್ಕೆ ಹೊರಟಾಗ ಸಿದ್ಧಾರ್ಥ ಸಂಘದ ಸಭೆಯಲ್ಲಿ ಎದ್ದು ನಿಂತ. ಎರಡೂ ಕಡೆಯಿಂದ ಇಬ್ಬಿಬ್ಬರು, ಆ ನಾಲ್ವರು ಆರಿಸಿದ ಐದನೆಯವನು, ಈ ಐವರು ಕೂತು ತೀರ್ಮಾನಿಸಲಿ ಎಂದ. ಯಾರ ದಯೆಯನ್ನೂ ನಂಬಿ ಕೂಡದೆ ಒಂದು ವ್ಯವಸ್ಥೆಯನ್ನು ಕೇಳಿದ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ನಮ್ಮ ಸೀಮೆ ನೋಡೋಣ.

ಧೂಪದಾಳದ ಒಡ್ಡು 1897ರದು. ಆಮೇಲೆ ಹಿಡಕಲ್ ಡ್ಯಾಮ್. ನೀರು ಬಂತು, ಕಬ್ಬು ಬಂತು, ಹಿಂದೆಯೇ ಸವಳು-ಜವಳೂ ಬಂತು. ಎರಿ ಭೂಮಿಗೆ ಬೇಕಾದ್ದಕ್ಕಿಂತ ಹೆಚ್ಚು ನೀರು ಹಾಯಿಸಿದರೆ, ಬಸಿದು ಹೋಗಲು ದಾರಿಯಿಲ್ಲದಿದ್ದರೆ, ನೆಲದೊಳಗಿನ ನೀರು ಮೇಲೇರುತ್ತದೆ. ಜತೆಗೆ ಉಪ್ಪೂ ಏರುತ್ತದೆ. ಬಿಸಿಲಿಗೆ ನೀರು ಆರಿ ಉಪ್ಪು ಮಾತ್ರ ಬೆಳ್ಳಗೆ ಉಳಿಯುತ್ತದೆ, ಬಿತ್ತಿದ್ದು ಹುಟ್ಟುವುದಿಲ್ಲ. ನೀರು ಹಾಯಿಸಿದವನು ಮೇಲಿನ ಹೊಲದವನು, ಹಾಳಾದದ್ದು ತಗ್ಗಿನ ಹೊಲ. ಪಟಿಚ್ಚಸಮುಪ್ಪಾದವನ್ನು ಮಕ್ಕಳಿಗೆ ಹೇಳಲು ಇದಕ್ಕಿಂತ ಸರಳ ಉದಾಹರಣೆ ನನಗೆ ಸಿಕ್ಕಿಲ್ಲ.

ಇದಕ್ಕೆ ಮದ್ದೂ ಒಬ್ಬನ ಕೈಯಲ್ಲಿಲ್ಲ. ಬಸಿಗಾಲುವೆ ಹಳ್ಳ ಮುಟ್ಟಬೇಕಾದರೆ ಹತ್ತು ಜನರ ಹೊಲ ದಾಟಬೇಕು. ಕಾನೂನು ಬೇಕಾಗುವುದು ಅಲ್ಲಿಯೇ. 1980ರ ಅಚ್ಚುಕಟ್ಟು ಪ್ರದೇಶಾಭಿವೃದ್ಧಿ ಕಾಯ್ದೆ ಇದೆ, ಬೆಳಗಾವಿಯಲ್ಲಿ ಕಾಡಾ ಕಚೇರಿಯೂ ಇದೆ. ಅರ್ಜಿ ಹಿಡಿದು ಹೋಗುವವರಲ್ಲಿ ನಮ್ಮ ಕೇರಿಯವರು ಎಷ್ಟು ಮಂದಿ?

ಹೋಗಿ ಗೆದ್ದವರೂ ಇದ್ದಾರೆ. 1984ರಲ್ಲಿ ಸರ್ಕಾರ ಖಾಸಗಿಯವರ ಜತೆ ಸೇರಿ ಕರ್ನಾಟಕ ಪಲ್ಪ್‌ವುಡ್ ಕಂಪನಿ ಕಟ್ಟಿ, ಸುಮಾರು 30 ಸಾವಿರ ಹೆಕ್ಟೇರ್ ಸಿ ಮತ್ತು ಡಿ ದರ್ಜೆ ಭೂಮಿಯಲ್ಲಿ ನೀಲಗಿರಿ ಬೆಳೆಸಲು ಹೊರಟಿತು. ಕಾಗದದಲ್ಲಿ ಅದು ಪಾಳುಭೂಮಿ. ಹೊಲವಿಲ್ಲದವನಿಗೆ ಆಡಿನ ಮೇವು, ಒಲೆಯ ಕಟ್ಟಿಗೆ, ಗುಡಿಸಲಿನ ಹುಲ್ಲು ಎಲ್ಲ ಅಲ್ಲಿಂದಲೇ. ಧಾರವಾಡದ ಸಮಾಜ ಪರಿವರ್ತನ ಸಮುದಾಯ, ಎಸ್.ಆರ್. ಹಿರೇಮಠ, ಶಿವರಾಮ ಕಾರಂತರು ಸುಪ್ರೀಂ ಕೋರ್ಟಿಗೆ ಹೋದರು. 1987ರ ನವೆಂಬರ್ 14ರಂದು ಹಾನಗಲ್ ತಾಲೂಕಿನ ಕುಸನೂರಿನಲ್ಲಿ ಜನ ನೀಲಗಿರಿ ಕಿತ್ತು, ತಮಗೆ ಬೇಕಾದ ಗಿಡ ಹಚ್ಚಿದರು. ‘ಕಿತ್ತಿಕೋ-ಹಚ್ಚಿಕೋ’ ಸತ್ಯಾಗ್ರಹ ಅಂದರೆ ಇದೇ. 1991ರಲ್ಲಿ ಕಂಪನಿ ಮುಚ್ಚಿತು. ಇದೇ ಸಂಘಟನೆಯ ಅರ್ಜಿಯ ಮೇಲೆ 2013ರಲ್ಲಿ ಸುಪ್ರೀಂ ಕೋರ್ಟು, ಬಳ್ಳಾರಿಯ ಗಣಿಗಳು ಕೆಟ್ಟ ನೆಲ ಸರಿಪಡಿಸುವ ಯೋಜನೆ ಜಾರಿಗೆ ತಂದ ಮೇಲೆಯೇ ಮತ್ತೆ ಅಗೆಯಬೇಕು ಎಂದಿತು.

2024ರಲ್ಲಿ ಯುರೋಪ್ ಒಕ್ಕೂಟ ನಿಸರ್ಗ ಪುನಶ್ಚೇತನಕ್ಕೇ ಒಂದು ಕಾನೂನು ಮಾಡಿತು. 2030ರೊಳಗೆ ಅಲ್ಲಿನ ನೆಲ-ಕಡಲಿನ ಕನಿಷ್ಠ ಶೇ. 20ರಷ್ಟರಲ್ಲಿ ಈ ಕೆಲಸ ನಡೆಯಬೇಕು. ನಮಗೂ ಅಂಥದ್ದು ಬೇಕು, ಕೇಳೋಣ. ಆದರೆ ನನಗೊಂದು ಅಳುಕಿದೆ. ‘ಕಾಡು ಬೆಳೆಸುತ್ತೇವೆ’ ಎಂದು ಗಾಯರಾಣಕ್ಕೆ ತಂತಿ ಬೇಲಿ ಹಾಕಿದರೆ ಮೊದಲು ಹೊರಗೆ ನಿಲ್ಲುವುದು ನಮ್ಮ ಆಡುಗಳೇ. ಐವರ ಪಂಚಾಯಿತಿಯಲ್ಲಿ ನಮ್ಮ ಇಬ್ಬರಿಗೆ ಜಾಗವಿಲ್ಲದಿದ್ದರೆ ಒಳ್ಳೆಯ ಕಾನೂನೂ ಇನ್ನೊಬ್ಬರ ಆಸ್ತಿ.

ಕಾನೂನು ಆದ ಮಾತ್ರಕ್ಕೆ ಮುಗಿಯುವುದೂ ಇಲ್ಲ. ಸಾರ್ವಜನಿಕ ಕೆರೆ-ಬಾವಿ ಎಲ್ಲರಿಗೂ ತೆರೆದಿರಬೇಕೆಂದು ಬೊಂಬಾಯಿ ಶಾಸನಸಭೆ 1923ರಲ್ಲೇ ಠರಾವು ಮಾಡಿತ್ತು. ಬೆಳಗಾವಿಯೂ ಆಗ ಅದೇ ಪ್ರಾಂತ್ಯದಲ್ಲಿತ್ತು. ಮಹಾಡದ ಚವದಾರ ಕೆರೆಯ ನೀರನ್ನು ಬಾಬಾಸಾಹೇಬರು ಬೊಗಸೆಯಲ್ಲಿ ಎತ್ತಿದ್ದು 1927ರ ಮಾರ್ಚ್ 20ರಂದು.

ಈ ವಾರದ ಅಭ್ಯಾಸ: 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ನಿಮ್ಮೂರಲ್ಲಿ ಇದೆಯೇ, ಅದರಲ್ಲಿ ಯಾರ ಯಾರ ಹೆಸರಿದೆ, ಗಾಯರಾಣ ಎಷ್ಟು ಎಕರೆ ಉಳಿದಿದೆ, ಸವಳಾದ ಹೊಲ ಯಾರ್ಯಾರದು ಎಂದು ಕೇಳಿ ಬರೆದುಕೊಂಡು ಬನ್ನಿ. ಭಾನುವಾರ ವಂದನೆ ಮುಗಿದ ಮೇಲೆ ಕೂತು ಅರ್ಜಿ ಬರೆಯೋಣ.

ಜೈ ಭೀಮ್ 🙏