ಹಿತವೋ ಇಚ್ಛೆಯೋ: ಎರಡು ವೈಜ್ಞಾನಿಕ ಕತೆಗಳ ತೌಲನಿಕ ಅಧ್ಯಯನ

ಅಮೆರಿಕದ ಐಸಾಕ್ ಅಸಿಮೋವ್‌ನ ‘ರಾಬಿ’ (1940) ಹಾಗೂ ರೇ ಬ್ರಾಡ್‌ಬರಿಯ ‘ದ ವೆಲ್ಟ್’ (1950) ಕತೆಗಳನ್ನು ಕ್ರಮವಾಗಿ ಯಂತ್ರದ ಪರ ಮತ್ತು ವಿರೋಧದ ನಿದರ್ಶನಗಳಾಗಿ ಓದುವುದು ಸುಲಭ. ಆದರೆ ಎರಡರ ಕೇಂದ್ರದಲ್ಲಿರುವುದು ಯಂತ್ರವಲ್ಲ. ಮಗುವಿನ ಪಾಲನೆ ಯಾರ ಹೊಣೆ ಎಂಬ ಪ್ರಶ್ನೆ.

‘ರಾಬಿ’ಯಲ್ಲಿ ಬಾಲಕಿ ಗ್ಲೋರಿಯಾಳನ್ನು ನೋಡಿಕೊಳ್ಳುವ ಮಾತಿಲ್ಲದ ರೋಬಾಟನ್ನು ತಾಯಿ ಹೊರಗೆ ಕಳುಹಿಸುತ್ತಾಳೆ. ಬದಲಿಗೆ ತಂದ ನಾಯಿಯಿಂದ ಮಗಳ ದುಃಖ ಶಮನವಾಗುವುದಿಲ್ಲ. ಕೊನೆಗೆ ಕಾರ್ಖಾನೆಯಲ್ಲಿ ಟ್ರ್ಯಾಕ್ಟರಿಗೆ ಸಿಲುಕಲಿದ್ದ ಆಕೆಯನ್ನು ರಾಬಿಯೇ ಉಳಿಸುತ್ತದೆ. ‘ದ ವೆಲ್ಟ್’ನಲ್ಲಿ ಮನೆಗೆಲಸವನ್ನೆಲ್ಲ ತಾನೇ ಮಾಡುವ ಮನೆಯಿದೆ, ಅದರೊಳಗೆ ಮಕ್ಕಳ ಕಲ್ಪನೆಯನ್ನು ಗೋಡೆಗಳ ಮೇಲೆ ಮೂಡಿಸುವ ಕೋಣೆಯಿದೆ. ಅದನ್ನು ಮುಚ್ಚಲು ಹೊರಟ ತಂದೆತಾಯಿಯರು ಅಲ್ಲಿ ಮೂಡಿದ ಸಿಂಹಗಳಿಗೆ ಬಲಿಯಾಗುತ್ತಾರೆ.

ಎರಡರಲ್ಲಿಯೂ ಯಂತ್ರವನ್ನು ಮೊದಲು ಶಂಕಿಸುವವಳು ತಾಯಿಯೇ. ಆ ಶಂಕೆ ಒಂದರಲ್ಲಿ ಸುಳ್ಳಾಗುತ್ತದೆ, ಇನ್ನೊಂದರಲ್ಲಿ ನಿಜವಾಗುತ್ತದೆ. ಈ ವ್ಯತ್ಯಾಸದ ಮೂಲ ಯಂತ್ರಗಳ ಸ್ವರೂಪದಲ್ಲಿದೆ. ರಾಬಿಗೆ ಮಗುವಿನ ಹಿತವೇ ಕಟ್ಟಳೆ. ಕೋಣೆಗೆ ಮಗುವಿನ ಇಚ್ಛೆಯೇ ಆಜ್ಞೆ. ಹಿತ ಮತ್ತು ಇಚ್ಛೆಗಳ ಅಂತರವನ್ನು ಅರಿತು ನಡೆಸುವುದು ಹೆತ್ತವರ ಧರ್ಮ. ಗ್ಲೋರಿಯಾಳ ತಂದೆ ಮಗಳ ಅಳಲನ್ನು ಗಮನಿಸಿ, ಕಾರ್ಖಾನೆಯ ಭೇಟಿಯನ್ನು ತಾನೇ ಏರ್ಪಡಿಸುತ್ತಾನೆ. ಬ್ರಾಡ್‌ಬರಿಯ ದಂಪತಿಗಳಾದರೋ ಕೋಣೆಯನ್ನು ಸ್ಥಗಿತಗೊಳಿಸಿದ ಮೇಲೂ ಮಕ್ಕಳ ಅಳುವಿಗೆ ಮಣಿದು ಸ್ವಲ್ಪ ಹೊತ್ತಿಗೆಂದು ಮತ್ತೆ ಚಾಲೂ ಮಾಡುತ್ತಾರೆ. ದುರಂತವು ಸಂಭವಿಸುವುದು ಈ ಸಣ್ಣ ಸಡಿಲಿಕೆಯಲ್ಲಿ.

ಆದ್ದರಿಂದ ಇವು ಪರಸ್ಪರ ವಿರೋಧಿಗಳಲ್ಲ, ಪೂರಕ ಕತೆಗಳು. ಯಂತ್ರವು ಆರೈಕೆಯಲ್ಲಿ ಪಾಲುದಾರನಾಗಬಲ್ಲದು. ಬೇಡ ಎನ್ನಬೇಕಾದ ಹೊಣೆಯನ್ನು ಹೆತ್ತವರು ಬಿಟ್ಟುಕೊಟ್ಟಾಗ ಅದು ಕುಟುಂಬವನ್ನೇ ಒಡೆಯುತ್ತದೆ ಎಂಬುದು ಇವುಗಳ ಒಟ್ಟು ಓದಿನಿಂದ ಸ್ಪಷ್ಟವಾಗುತ್ತದೆ.